ಪಾರ್ಕಿನ್ಸನ್‌ಗೆ 'ಮೆದುಳಿನ ಪೇಸ್‌ಮೇಕರ್': ಯಾರಿಗೆ ಉಪಯೋಗ, ಯಾರಿಗೆ ಅಲ್ಲ? ಥಾಣೆ-ಕಲ್ಯಾಣ ಭಾಗದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಬೆಳಗ್ಗೆ ಏಳಕ್ಕೆ ಮಾತ್ರೆ ನುಂಗಿದರೆ ಎಂಟರ ಹೊತ್ತಿಗೆ ಕೈಕಾಲು ಹೇಳಿದ ಮಾತು ಕೇಳುತ್ತವೆ. ಹತ್ತೂವರೆಗೆ ಮತ್ತೆ ಹೆಜ್ಜೆ ನೆಲಕ್ಕೆ ಅಂಟಿದಂತಾಗುತ್ತದೆ. ಹನ್ನೊಂದಕ್ಕೆ ಇನ್ನೊಂದು ಮಾತ್ರೆ. ಈ ಬಾರಿ ನಡುಕ ನಿಂತರೂ ಮೈ ತಾನಾಗಿಯೇ ತಿರುಚತೊಡಗುತ್ತದೆ. ಹಲವು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ ಇರುವವರ ಮನೆಯಲ್ಲಿ ದಿನ ಸಾಗುವುದೇ ಹೀಗೆ, ಗಡಿಯಾರದ ಮುಳ್ಳು ನೋಡಿಕೊಂಡು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ನೆಲೆಸಿರುವ ಕುಟುಂಬಗಳಿಗೆ ಇದರ ಜೊತೆ ಇನ್ನೊಂದು ಕಷ್ಟವಿದೆ. ಅದು ಲೋಕಲ್ ರೈಲು. ಕಿರಿದಾದ ಬಾಗಿಲು, ನೂಕುನುಗ್ಗಲು, ಗಡಿಬಿಡಿ ಇರುವ ಕಡೆಯೇ ಪಾರ್ಕಿನ್ಸನ್ ಇರುವವರ ಕಾಲು ಹೆಚ್ಚಾಗಿ 'ಫ್ರೀಜ್' ಆಗುತ್ತದೆ. ಹೆಜ್ಜೆ ಎತ್ತಲಾಗದೆ ನಿಂತವರಿಗಾಗಿ ಲೋಕಲ್ ಕಾಯುವುದಿಲ್ಲ. ಹೀಗೆ ಒಬ್ಬೊಬ್ಬರೇ ಮನೆಯೊಳಗೆ ಉಳಿಯತೊಡಗುತ್ತಾರೆ.

ಮಾತ್ರೆ ಕೈಕೊಡತೊಡಗಿದಾಗ ಇಂಥ ಕುಟುಂಬಗಳ ಕಿವಿಗೆ ಬೀಳುವ ಹೆಸರು ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಚುಟುಕಾಗಿ ಡಿಬಿಎಸ್. ಮೆದುಳಿನೊಳಗೆ ತೆಳುವಾದ ತಂತಿ ಇಟ್ಟು, ಎದೆಯ ಬಳಿ ಬ್ಯಾಟರಿ ಕೂರಿಸಿ ನಡುಕ ನಿಲ್ಲಿಸುವ ಶಸ್ತ್ರಚಿಕಿತ್ಸೆ ಇದು. ಕೈ ನಡುಕ ಕ್ಷಣದಲ್ಲಿ ನಿಲ್ಲುವ ವಿಡಿಯೋಗಳನ್ನು ನೋಡಿ ಇದನ್ನು ಪವಾಡ ಎಂದುಕೊಳ್ಳುವವರಿದ್ದಾರೆ. ಮೆದುಳಿಗೆ ತೂತು ಎಂಬ ಮಾತಿಗೇ ಹೆದರಿ ದೂರ ಸರಿಯುವವರೂ ಇದ್ದಾರೆ.

ಎರಡೂ ಸರಿಯಲ್ಲ. ಡಿಬಿಎಸ್ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಮಾತ್ರೆಯಿಂದ ಸಿಗುವ ಒಳ್ಳೆಯ ಗಂಟೆಗಳನ್ನು ದಿನದಲ್ಲಿ ಇನ್ನಷ್ಟು ಉದ್ದ ಮಾಡುವುದಷ್ಟೇ ಅದರ ಕೆಲಸ. ಈ ಒಂದು ಮಾತು ಅರ್ಥವಾದರೆ ಯಾರಿಗೆ ಇದು ಬೇಕು, ಯಾರಿಗೆ ಬೇಡ, ಯಾವಾಗ ಬೇಕು ಎಂಬ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ.

ಪಾರ್ಕಿನ್ಸನ್ ಎಂದರೇನು?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ನಡುಕದ ಈ ಕಾಯಿಲೆಯನ್ನು ಮೊದಲ ಬಾರಿಗೆ ವಿವರವಾಗಿ ದಾಖಲಿಸಿದರು. ಅವರ ಜನ್ಮದಿನವಾದ ಏಪ್ರಿಲ್ 11ನ್ನು ಇಂದು ವಿಶ್ವ ಪಾರ್ಕಿನ್ಸನ್ ದಿನವಾಗಿ ಆಚರಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಇತ್ತು.

ಮೆದುಳಿನ ಬುಡಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಬಣ್ಣದ ಪುಟ್ಟ ಜಾಗವಿದೆ. ಅಲ್ಲಿನ ಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ನಡೆಯುವುದು, ತಿರುಗುವುದು, ಗುಂಡಿ ಹಾಕುವುದು ಮುಂತಾದ ಚಲನೆಗಳು ಸರಾಗವಾಗಿ ಆಗಲು ಡೋಪಮೈನ್ ಬೇಕೇ ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ನಿಧಾನವಾಗಿ ಸಾಯುತ್ತವೆ. ಮೊದಲ ಲಕ್ಷಣ ಕಾಣಿಸುವ ಹೊತ್ತಿಗೆ ಅವುಗಳ ದೊಡ್ಡ ಪಾಲು ಆಗಲೇ ನಾಶವಾಗಿರುತ್ತದೆ.

ನಡುಕ ಎಲ್ಲರ ಕಣ್ಣಿಗೆ ಬೀಳುವ ಲಕ್ಷಣ. ಆದರೆ ವೈದ್ಯರು ಮುಖ್ಯವಾಗಿ ನೋಡುವುದು ಚಲನೆಯ ನಿಧಾನಗತಿಯನ್ನು. ಅದರ ಜೊತೆ ಮೈ ಬಿಗಿತ, ಚಿಕ್ಕದಾಗುತ್ತಾ ಹೋಗುವ ಕೈಬರಹ, ನಡೆಯುವಾಗ ಒಂದು ಕೈ ಬೀಸದಿರುವುದು, ಭಾವ ತೋರದ ಮುಖ, ತಗ್ಗಿದ ದನಿ ಇರಬಹುದು. ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು.

ಮಾತ್ರೆ ಯಾಕೆ ಕೈಕೊಡುತ್ತದೆ?

1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಲೆವೊಡೋಪಾ ಇಂದಿಗೂ ಈ ಕಾಯಿಲೆಗೆ ಅತ್ಯಂತ ಪರಿಣಾಮಕಾರಿ ಔಷಧ. ಇದು ಮೆದುಳಿಗೆ ಹೋಗಿ ಡೋಪಮೈನ್ ಆಗಿ ಬದಲಾಗುತ್ತದೆ. ನಮ್ಮ ಊರುಗಳ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ತುರಿಕೆ ಹುಟ್ಟಿಸುವ ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಸಹಜವಾಗಿಯೇ ಇದೆ. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬೇರೆಯಾಗುವುದರಿಂದ, ಮಾತ್ರೆಯ ಜೊತೆ ವೈದ್ಯರಿಗೆ ಹೇಳದೆ ಅದರ ಪುಡಿ ಸೇವಿಸುವುದು ಅಪಾಯಕಾರಿ.

ಮೊದಲ ಕೆಲವು ವರ್ಷ ಮಾತ್ರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ದಿನಕ್ಕೆ ಮೂರು ಮಾತ್ರೆ ಸಾಕಾಗುತ್ತದೆ. ಕಾಯಿಲೆ ಮುಂದುವರಿದಂತೆ ಮೆದುಳಿಗೆ ಡೋಪಮೈನ್ ಶೇಖರಿಸಿಟ್ಟುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಮಾತ್ರೆ ರಕ್ತದಲ್ಲಿ ಇರುವಷ್ಟು ಹೊತ್ತು ಮಾತ್ರ ಮೈ ಹಗುರ. ಇದನ್ನು ವೈದ್ಯರು 'ಆನ್' ಎನ್ನುತ್ತಾರೆ. ಮಾತ್ರೆಯ ಪ್ರಭಾವ ಇಳಿದಾಗ ಬರುವ ಸ್ಥಿತಿ 'ಆಫ್'. ಮಾತ್ರೆ ಜಾಸ್ತಿ ಮಾಡಿದರೆ ಮೈ ತಾನಾಗಿ ಕುಣಿದಂತೆ ಅಲ್ಲಾಡುವ ಡಿಸ್ಕೈನೇಸಿಯಾ ಶುರುವಾಗುತ್ತದೆ. ಹೆಚ್ಚಿಸಿದರೆ ಅದು, ಕಡಿಮೆ ಮಾಡಿದರೆ ಇದು. ಡಿಬಿಎಸ್ ಮಾತು ಬರುವುದು ಈ ಹಂತದಲ್ಲಿ.

ಡಿಬಿಎಸ್ ಹೇಗೆ ಕೆಲಸ ಮಾಡುತ್ತದೆ?

ಡೋಪಮೈನ್ ಕಡಿಮೆಯಾದಾಗ ಚಲನೆಯನ್ನು ನಿಯಂತ್ರಿಸುವ ಮೆದುಳಿನ ಜಾಲದಲ್ಲಿ ಅಸಹಜ ವಿದ್ಯುತ್ ಲಯ ಹುಟ್ಟುತ್ತದೆ. ಟ್ರಾಫಿಕ್ ಸಿಗ್ನಲ್ ಕೆಂಪಿನಲ್ಲೇ ಸಿಕ್ಕಿಕೊಂಡಂಥ ಸ್ಥಿತಿ ಅದು. ಡಿಬಿಎಸ್ ಆ ಜಾಗಕ್ಕೆ ಸಣ್ಣ ವಿದ್ಯುತ್ ಮಿಡಿತಗಳನ್ನು ನಿರಂತರವಾಗಿ ಕಳಿಸಿ ಅಸಹಜ ಲಯವನ್ನು ಮುರಿಯುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 130 ಮಿಡಿತಗಳು ಹೋಗುತ್ತವೆ.

ಸಾಧನದಲ್ಲಿ ಮೂರು ಭಾಗಗಳಿವೆ. ಮೊದಲನೆಯದು, ಮೆದುಳಿನೊಳಗೆ ಇಡುವ ಸುಮಾರು ಒಂದೂಕಾಲು ಮಿಲಿಮೀಟರ್ ದಪ್ಪದ ಎಲೆಕ್ಟ್ರೋಡ್ ತಂತಿ. ಎರಡನೆಯದು, ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಕೂರಿಸುವ ಬ್ಯಾಟರಿ ಪೆಟ್ಟಿಗೆ. ಮೂರನೆಯದು, ಕಿವಿಯ ಹಿಂದಿನಿಂದ ಕುತ್ತಿಗೆಯ ಚರ್ಮದಡಿ ಸಾಗಿ ಇವೆರಡನ್ನೂ ಜೋಡಿಸುವ ತಂತಿ. ಹೊರಗೆ ಏನೂ ಕಾಣುವುದಿಲ್ಲ.

ತಂತಿ ತಲುಪಬೇಕಾದ ಗುರಿ ತೀರಾ ಚಿಕ್ಕದು. ಹೆಚ್ಚಾಗಿ ಆರಿಸುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಒಂದು ಅವರೆಕಾಳಿನಷ್ಟು ದೊಡ್ಡದಿರಬಹುದು ಅಷ್ಟೆ. ಇನ್ನೊಂದು ಗುರಿ ಗ್ಲೋಬಸ್ ಪ್ಯಾಲಿಡಸ್. ಎರಡರಿಂದಲೂ ಚಲನೆಯಲ್ಲಿ ಸಿಗುವ ಸುಧಾರಣೆ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಮಾತ್ರೆಯ ಪ್ರಮಾಣವನ್ನು ಹೆಚ್ಚು ಇಳಿಸಬಹುದು. ಎರಡನೆಯದು ಡಿಸ್ಕೈನೇಸಿಯಾವನ್ನು ನೇರವಾಗಿ ತಗ್ಗಿಸುತ್ತದೆ. ಯಾವುದು ಸರಿ ಎಂಬುದನ್ನು ರೋಗಿಯ ಲಕ್ಷಣ, ನೆನಪಿನ ಶಕ್ತಿ, ಮನಸ್ಥಿತಿ ನೋಡಿ ವೈದ್ಯರ ತಂಡ ನಿರ್ಧರಿಸುತ್ತದೆ.

ಗ್ರೆನೋಬಲ್‌ನಿಂದ ಮುಂಬಯಿಗೆ

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನ್ಯೂರೋಸರ್ಜನ್ ಅಲಿಂ-ಲೂಯಿ ಬೆನಾಬಿದ್ ಮತ್ತು ನ್ಯೂರಾಲಜಿಸ್ಟ್ ಪಿಯೆರ್ ಪೊಲಾಕ್ ನಡುಕಕ್ಕೆ ನಿರಂತರ ವಿದ್ಯುತ್ ಪ್ರಚೋದನೆಯ ಚಿಕಿತ್ಸೆಯನ್ನು ಆರಂಭಿಸಿದರು. ಅದಕ್ಕೂ ಮೊದಲು ನಡುಕ ನಿಲ್ಲಿಸಲು ಮೆದುಳಿನ ಒಂದು ಚುಕ್ಕಿಯಷ್ಟು ಭಾಗವನ್ನು ಸುಡುತ್ತಿದ್ದರು. ಸುಟ್ಟದ್ದನ್ನು ಸರಿಪಡಿಸಲು ಬರುವುದಿಲ್ಲ. ವಿದ್ಯುತ್ತನ್ನಾದರೆ ಹೆಚ್ಚು ಕಡಿಮೆ ಮಾಡಬಹುದು, ಬೇಡವಾದರೆ ಆರಿಸಬಹುದು.

1990ರಲ್ಲಿ ಅಮೆರಿಕದ ಮಹ್ಲಾನ್ ಡಿಲಾಂಗ್ ತಂಡ ಮಂಗಗಳ ಮೇಲಿನ ಪ್ರಯೋಗದಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ಪಾತ್ರವನ್ನು ತೋರಿಸಿತು. 1993ರಲ್ಲಿ ಬೆನಾಬಿದ್ ತಂಡ ಅದೇ ಜಾಗಕ್ಕೆ ತಂತಿ ಇಟ್ಟು ಚಿಕಿತ್ಸೆ ನೀಡಿತು. ಇಬ್ಬರಿಗೂ 2014ರಲ್ಲಿ ಪ್ರತಿಷ್ಠಿತ ಲ್ಯಾಸ್ಕರ್ ಪ್ರಶಸ್ತಿ ಸಂದಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಮುಂದುವರಿದ ಪಾರ್ಕಿನ್ಸನ್‌ಗೆ ಡಿಬಿಎಸ್ ಬಳಸಲು ಒಪ್ಪಿಗೆ ನೀಡಿತು.

ಭಾರತದಲ್ಲಿ 1990ರ ದಶಕದ ಕೊನೆಯಲ್ಲೇ ಈ ಶಸ್ತ್ರಚಿಕಿತ್ಸೆ ಆರಂಭವಾಯಿತು. ಮುಂಬಯಿಯ ಜಸ್‌ಲೋಕ್ ಆಸ್ಪತ್ರೆಯ ನ್ಯೂರೋಸರ್ಜನ್ ಡಾ. ಪರೇಶ್ ದೋಶಿ ದೇಶದಲ್ಲಿ ಇದನ್ನು ಬೆಳೆಸಿದ ಮೊದಲಿಗರಲ್ಲಿ ಒಬ್ಬರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಗಳಲ್ಲೂ ಈ ಚಿಕಿತ್ಸೆ ಲಭ್ಯವಿದೆ.

ಲಾಭ ಎಷ್ಟು?

2009ರಲ್ಲಿ ಅಮೆರಿಕದಲ್ಲಿ 255 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿಗೆ ಡಿಬಿಎಸ್, ಇನ್ನೊಂದಕ್ಕೆ ಅತ್ಯುತ್ತಮ ಔಷಧ ಚಿಕಿತ್ಸೆ ನೀಡಲಾಗಿತ್ತು. ಆರು ತಿಂಗಳ ನಂತರ ಡಿಬಿಎಸ್ ಗುಂಪಿನವರಿಗೆ ಕಾಟ ಕೊಡುವ ಡಿಸ್ಕೈನೇಸಿಯಾ ಇಲ್ಲದ 'ಆನ್' ಸಮಯ ದಿನಕ್ಕೆ ಸರಾಸರಿ 4.6 ಗಂಟೆ ಹೆಚ್ಚಾಗಿತ್ತು. ಔಷಧದ ಗುಂಪಿನಲ್ಲಿ ಏನೂ ಹೆಚ್ಚಾಗಿರಲಿಲ್ಲ.

ದಿನಕ್ಕೆ ನಾಲ್ಕೂವರೆ ಗಂಟೆ ಎಂದರೆ ಸ್ನಾನ, ತಿಂಡಿ, ಮಾರುಕಟ್ಟೆಗೆ ಹೋಗಿಬರುವುದು, ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುವುದು ಎಲ್ಲಕ್ಕೂ ಸಾಕಾಗುವಷ್ಟು ಹೊತ್ತು. ಆದರೆ ಅದೇ ಅಧ್ಯಯನದಲ್ಲಿ ಗಂಭೀರ ಅಡ್ಡಪರಿಣಾಮಗಳು ಡಿಬಿಎಸ್ ಗುಂಪಿನಲ್ಲೇ ಹೆಚ್ಚಾಗಿದ್ದವು. ಒಬ್ಬ ರೋಗಿ ಮೆದುಳಿನ ರಕ್ತಸ್ರಾವದಿಂದ ಮೃತಪಟ್ಟಿದ್ದರು. ಲಾಭ, ಅಪಾಯ ಎರಡನ್ನೂ ಒಟ್ಟಿಗೇ ತೂಗಬೇಕು.

ತೀರಾ ತಡ ಮಾಡುವುದೂ ಒಳ್ಳೆಯದಲ್ಲ ಎಂಬುದನ್ನು 2013ರ ಯುರೋಪಿನ ಅಧ್ಯಯನ ತೋರಿಸಿತು. ಸರಾಸರಿ 52 ವರ್ಷ ವಯಸ್ಸಿನ, ಮಾತ್ರೆಯ ಏರಿಳಿತ ಈಗಷ್ಟೇ ಆರಂಭವಾಗಿದ್ದ 251 ರೋಗಿಗಳನ್ನು ಎರಡು ವರ್ಷ ಗಮನಿಸಲಾಯಿತು. ಡಿಬಿಎಸ್ ಪಡೆದವರ ಜೀವನದ ಗುಣಮಟ್ಟ ಶೇ. 26ರಷ್ಟು ಸುಧಾರಿಸಿತ್ತು. ಮಾತ್ರೆಯಲ್ಲೇ ಉಳಿದವರಲ್ಲಿ ಸುಧಾರಣೆ ಕಾಣಲಿಲ್ಲ. 2016ರಲ್ಲಿ ಎಫ್‌ಡಿಎ ಕಾಯಿಲೆ ಶುರುವಾಗಿ ಕನಿಷ್ಠ 4 ವರ್ಷವಾದವರಿಗೂ ಈ ಚಿಕಿತ್ಸೆಯನ್ನು ವಿಸ್ತರಿಸಿತು.

ಯಾರಿಗೆ ಸೂಕ್ತ?

ವೈದ್ಯರು ಪಾಲಿಸುವ ಸರಳ ಸೂತ್ರ ಹೀಗಿದೆ: ಲೆವೊಡೋಪಾದಿಂದ ಯಾವ ಲಕ್ಷಣ ಸುಧಾರಿಸುತ್ತದೆಯೋ ಡಿಬಿಎಸ್‌ನಿಂದಲೂ ಅದೇ ಸುಧಾರಿಸುತ್ತದೆ. ಇದಕ್ಕೆ ಮುಖ್ಯ ಅಪವಾದ ನಡುಕ. ಮಾತ್ರೆಗೆ ಬಗ್ಗದ ನಡುಕವೂ ಡಿಬಿಎಸ್‌ಗೆ ಬಗ್ಗಬಹುದು.

ಇದನ್ನು ಪರೀಕ್ಷಿಸಲೆಂದೇ 'ಲೆವೊಡೋಪಾ ಚಾಲೆಂಜ್' ನಡೆಸುತ್ತಾರೆ. ಹಿಂದಿನ ರಾತ್ರಿಯಿಂದ ಸುಮಾರು 12 ಗಂಟೆ ಮಾತ್ರೆ ನಿಲ್ಲಿಸಿ, ಬೆಳಗ್ಗೆ ರೋಗಿಯ ಚಲನೆಗೆ ಅಂಕ ಕೊಡುತ್ತಾರೆ. ಆಮೇಲೆ ಮಾತ್ರೆ ಕೊಟ್ಟು ಮತ್ತೆ ಅಂಕ ಕೊಡುತ್ತಾರೆ. ಸಾಮಾನ್ಯವಾಗಿ ಕನಿಷ್ಠ ಶೇ. 30ರಷ್ಟು ಸುಧಾರಣೆ ಕಂಡರೆ ಡಿಬಿಎಸ್ ಫಲ ಕೊಡುವ ಸಾಧ್ಯತೆ ಹೆಚ್ಚು.

ತಜ್ಞರನ್ನು ಯಾವಾಗ ಕಾಣಬೇಕು ಎಂಬುದಕ್ಕೆ '5-2-1' ಎಂಬ ನೆನಪಿನ ಸೂತ್ರವೂ ಇದೆ:

• ದಿನಕ್ಕೆ 5 ಅಥವಾ ಹೆಚ್ಚು ಬಾರಿ ಲೆವೊಡೋಪಾ ಬೇಕಾಗುತ್ತಿದೆಯೇ?
• ದಿನಕ್ಕೆ 2 ಗಂಟೆ ಅಥವಾ ಹೆಚ್ಚು 'ಆಫ್' ಇದೆಯೇ?
• ದಿನಕ್ಕೆ 1 ಗಂಟೆ ಅಥವಾ ಹೆಚ್ಚು ಕಾಟ ಕೊಡುವ ಡಿಸ್ಕೈನೇಸಿಯಾ ಇದೆಯೇ?

ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಚಲನ ಸಮಸ್ಯೆಗಳ ತಜ್ಞರನ್ನು ಕಾಣುವ ಹೊತ್ತು ಬಂದಿದೆ ಎಂದರ್ಥ. ಹಾಗೆಂದು ಆಪರೇಷನ್ ಆಗಲೇಬೇಕು ಎಂದಲ್ಲ. ಮಾತ್ರೆಯ ಸಮಯ ಬದಲಿಸುವುದು, ಬೇರೆ ಔಷಧ ಸೇರಿಸುವುದು, ಅಪೋಮಾರ್ಫಿನ್ ಇಂಜೆಕ್ಷನ್ ಅಥವಾ ಪಂಪ್ ಕೂಡ ಆಯ್ಕೆಗಳೇ.

ಯಾರಿಗೆ ಬೇಡ?

ಪಾರ್ಕಿನ್ಸನ್‌ನಂತೆಯೇ ಕಾಣುವ ಬೇರೆ ಕಾಯಿಲೆಗಳಿವೆ. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಮತ್ತು ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಅಂಥವು. ಇವುಗಳಿಗೆ ಡಿಬಿಎಸ್ ಪ್ರಯೋಜನವಿಲ್ಲ. ಕೆಲವು ಮಾನಸಿಕ ಕಾಯಿಲೆಯ ಮತ್ತು ವಾಂತಿ ನಿಲ್ಲಿಸುವ ಔಷಧಗಳಿಂದಲೂ ಪಾರ್ಕಿನ್ಸನ್ ಲಕ್ಷಣ ಬರಬಹುದು. ಅಲ್ಲಿ ಔಷಧ ಬದಲಿಸುವುದೇ ಚಿಕಿತ್ಸೆ. ಕಾಯಿಲೆ ಶುರುವಾದ ಒಂದೆರಡು ವರ್ಷದಲ್ಲೇ ಆಪರೇಷನ್‌ಗೆ ವೈದ್ಯರು ಅವಸರ ಮಾಡದಿರುವುದಕ್ಕೆ ಒಂದು ಕಾರಣ ಇದೇ. ನಿಜವಾದ ಕಾಯಿಲೆ ಯಾವುದೆಂದು ಖಚಿತವಾಗಲು ಸಮಯ ಬೇಕು.

ಗಮನಾರ್ಹ ಮರೆವಿನ ಕಾಯಿಲೆ, ಹತೋಟಿಗೆ ಬಾರದ ಖಿನ್ನತೆ ಅಥವಾ ಭ್ರಮೆ ಇದ್ದರೆ ಆಪರೇಷನ್‌ನಿಂದ ಅವು ಹೆಚ್ಚಬಹುದು. ವಯಸ್ಸಿಗೆ ಕಟ್ಟುನಿಟ್ಟಿನ ಗೆರೆ ಇಲ್ಲ. ಆದರೆ 70 ದಾಟಿದವರಲ್ಲಿ ವೈದ್ಯರು ಹೃದಯ, ಮಧುಮೇಹ, ನೆನಪಿನ ಶಕ್ತಿ ಎಲ್ಲವನ್ನೂ ಹೆಚ್ಚು ಎಚ್ಚರಿಕೆಯಿಂದ ನೋಡುತ್ತಾರೆ.

ಅತಿ ಹೆಚ್ಚು ನಿರಾಶೆ ಹುಟ್ಟುವುದು ಬೇರೆ ಕಡೆ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೂ ಬರುವ ತೋಲ ತಪ್ಪುವಿಕೆ, ಬೀಳುವುದು, ಮಾತಿನ ತೊದಲು, ನುಂಗಲು ಕಷ್ಟ, ಮಲಬದ್ಧತೆ, ಮರೆವು ಡಿಬಿಎಸ್‌ನಿಂದ ಸರಿಯಾಗುವುದಿಲ್ಲ. ಕಾಲು ಫ್ರೀಜ್ ಆಗುವುದು ಮಾತ್ರೆ ಇಳಿದಾಗ ಮಾತ್ರವಾದರೆ ಸುಧಾರಿಸಬಹುದು. ಮಾತ್ರೆ ಏರಿದಾಗಲೂ ಆಗುತ್ತಿದ್ದರೆ ಹೆಚ್ಚು ನಿರೀಕ್ಷೆ ಬೇಡ. ತಂದೆಯೋ ತಾಯಿಯೋ ಮತ್ತೆ ಲೋಕಲ್ ಹತ್ತಬೇಕು ಎಂಬ ಆಸೆಯಿಂದ ಆಪರೇಷನ್ ಮಾಡಿಸುವ ಮಕ್ಕಳು ಮೊದಲು ಇದನ್ನು ಗಮನಿಸಬೇಕು: ಹೆಜ್ಜೆ ಅಂಟುವುದು ಯಾವ ಗಂಟೆಯಲ್ಲಿ?

ಆಪರೇಷನ್ ದಿನ ಏನಾಗುತ್ತದೆ?

ಹಿಂದಿನ ರಾತ್ರಿ ಪಾರ್ಕಿನ್ಸನ್ ಮಾತ್ರೆ ನಿಲ್ಲಿಸುತ್ತಾರೆ. ತಲೆಗೆ ಲೋಹದ ಚೌಕಟ್ಟು ಅಳವಡಿಸಿ, ಎಂಆರ್‌ಐ ಮತ್ತು ಸಿಟಿ ಸ್ಕ್ಯಾನ್ ಚಿತ್ರಗಳನ್ನು ಸೇರಿಸಿ ಕಂಪ್ಯೂಟರ್‌ನಲ್ಲಿ ದಾರಿ ಗುರುತಿಸುತ್ತಾರೆ. ನೆತ್ತಿಯ ಎರಡೂ ಬದಿಯಲ್ಲಿ ಸಣ್ಣ ತೂತು ಮಾಡಿ ತಂತಿಯನ್ನು ಇಳಿಸುತ್ತಾರೆ.

ಹಲವು ಕೇಂದ್ರಗಳಲ್ಲಿ ಈ ಹಂತದಲ್ಲಿ ರೋಗಿಯನ್ನು ಎಚ್ಚರವಾಗಿಯೇ ಇಡುತ್ತಾರೆ. ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ಮೆದುಳಿಗೆ ಸ್ವತಃ ನೋವಿನ ಅರಿವಿಲ್ಲ. ತಂತಿ ಗುರಿ ತಲುಪಿದಾಗ ಅಲ್ಲಿನ ಕೋಶಗಳ ವಿದ್ಯುತ್ ಸದ್ದನ್ನು ಯಂತ್ರದಲ್ಲಿ ಕೇಳಬಹುದು. ಸ್ವಲ್ಪ ವಿದ್ಯುತ್ ಹರಿಸಿ, ಕೈ ಮಡಚಿ ಬಿಚ್ಚಲು, ತಿಂಗಳ ಹೆಸರು ಹೇಳಲು ಕೇಳುತ್ತಾರೆ. ನಡುಕ ನಿಲ್ಲುತ್ತದೆಯೇ, ಮಾತು ತೊದಲುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು ಆಡುವ ಹಿರಿಯರಿಗೆ ಮರಾಠಿ, ಹಿಂದಿಯಲ್ಲಿ ಕೇಳಿದರೆ ತಡವರಿಸಬಹುದು. ಇದನ್ನು ತಂಡಕ್ಕೆ ಮೊದಲೇ ತಿಳಿಸುವುದು ಒಳ್ಳೆಯದು. ಬ್ಯಾಟರಿ ಕೂರಿಸುವಾಗ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಕೆಲವು ಕೇಂದ್ರಗಳಲ್ಲಿ ಇಡೀ ಆಪರೇಷನ್ ಅರಿವಳಿಕೆಯಲ್ಲೇ ನಡೆಯುತ್ತದೆ.

ಅಪಾಯಗಳೇನು?

ಮೆದುಳಿನಲ್ಲಿ ರಕ್ತಸ್ರಾವದ ಸಾಧ್ಯತೆ ಸುಮಾರು ಶೇ. 1ರಿಂದ 2. ಸೋಂಕು ಅದಕ್ಕಿಂತ ಹೆಚ್ಚು ಸಾಮಾನ್ಯ. ಸೋಂಕು ತೀವ್ರವಾದರೆ ಸಾಧನವನ್ನು ತೆಗೆಯಬೇಕಾಗಬಹುದು. ತಂತಿ ತುಂಡಾಗುವುದು, ಜಾರುವುದು ಅಪರೂಪಕ್ಕೆ ಆಗುತ್ತದೆ. ವಿದ್ಯುತ್ ಪ್ರಮಾಣ ಹೆಚ್ಚಾದರೆ ಮಾತು ಅಸ್ಪಷ್ಟವಾಗಬಹುದು, ತೋಲ ತಪ್ಪಬಹುದು. ಇದನ್ನು ಹೊಂದಾಣಿಕೆಯಿಂದ ಸರಿಪಡಿಸಲು ಸಾಧ್ಯ. ಮನಸ್ಥಿತಿಯಲ್ಲಿ ಬದಲಾವಣೆ, ಅತಿಯಾದ ಉತ್ಸಾಹ ಅಥವಾ ಬೇಸರ ಕಂಡರೆ ಮನೆಯವರು ತಕ್ಷಣ ವೈದ್ಯರಿಗೆ ಹೇಳಬೇಕು.

ಕರಾವಳಿ ಮೂಲದವರು ವಿಶೇಷವಾಗಿ ತಿಳಿಯಬೇಕಾದ ಒಂದು ಸಂಗತಿಯಿದೆ. ಚೆನ್ನಾಗಿ ಈಜು ಬಲ್ಲವರಾಗಿದ್ದ ಒಂಬತ್ತು ಮಂದಿ ಡಿಬಿಎಸ್ ನಂತರ ನೀರಿನಲ್ಲಿ ಈಜಲಾರದೆ ಹೋದದ್ದನ್ನು ಸ್ವಿಜರ್ಲೆಂಡಿನ ವೈದ್ಯರು 2019ರಲ್ಲಿ ವರದಿ ಮಾಡಿದ್ದರು. ಊರಿಗೆ ಹೋದಾಗ ಹಳೆಯ ಧೈರ್ಯದಿಂದ ಹೊಳೆಗೋ ಕೆರೆಗೋ ಒಬ್ಬರೇ ಇಳಿಯುವುದು ಬೇಡ.

ಆಪರೇಷನ್ ನಂತರವೇ ಚಿಕಿತ್ಸೆ ಶುರು

ಬಹಳ ಕುಟುಂಬಗಳು ಗಮನಿಸದ ಭಾಗ ಇದು. ಆಪರೇಷನ್ ಆದ ಕೂಡಲೇ, ಸಾಧನ ಚಾಲೂ ಮಾಡುವ ಮೊದಲೇ, ಕೆಲವರಿಗೆ ಮೈ ಹಗುರಾಗುತ್ತದೆ. ತಂತಿ ಇಟ್ಟ ಜಾಗದಲ್ಲಿ ಉಂಟಾಗುವ ತಾತ್ಕಾಲಿಕ ಊತದ ಪರಿಣಾಮ ಅದು. ಕೆಲವು ದಿನ ಅಥವಾ ವಾರಗಳಲ್ಲಿ ಲಕ್ಷಣಗಳು ಮರಳುತ್ತವೆ. ಆಪರೇಷನ್ ವಿಫಲವಾಯಿತು ಎಂದು ಗಾಬರಿಯಾಗಬೇಕಿಲ್ಲ.

ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ನಂತರ ಸಾಧನವನ್ನು ಚಾಲೂ ಮಾಡುತ್ತಾರೆ. ಅಲ್ಲಿಂದ ಪ್ರೋಗ್ರಾಮಿಂಗ್ ಶುರು. ತಂತಿಯ ಯಾವ ಬಿಂದುವಿನಿಂದ ಎಷ್ಟು ವಿದ್ಯುತ್ ಹರಿಸಬೇಕು, ಮಾತ್ರೆ ಎಷ್ಟು ಇಳಿಸಬೇಕು ಎಂಬುದನ್ನು ಹಂತಹಂತವಾಗಿ ಹೊಂದಿಸುತ್ತಾರೆ. ಸರಿಯಾದ ಹದ ಸಿಗಲು ಮೂರರಿಂದ ಆರು ತಿಂಗಳು ಬೇಕಾಗಬಹುದು. ಈ ಅವಧಿಯಲ್ಲಿ ಹಲವು ಬಾರಿ ಆಸ್ಪತ್ರೆಗೆ ಹೋಗಬೇಕು. ಕೆಲವೊಮ್ಮೆ ಮಾತ್ರೆ ತೆಗೆದುಕೊಳ್ಳದೆ, 'ಆಫ್' ಸ್ಥಿತಿಯಲ್ಲೇ ಬರಲು ಹೇಳುತ್ತಾರೆ.

ಇಲ್ಲಿ ದೂರದ ಪ್ರಶ್ನೆ ಬರುತ್ತದೆ. ಕಲ್ಯಾಣದಿಂದ ಸಿಎಸ್‌ಎಂಟಿಗೆ ಸುಮಾರು 54 ಕಿ.ಮೀ. ಥಾಣೆಯಿಂದ ಸುಮಾರು 34 ಕಿ.ಮೀ. 'ಆಫ್' ಸ್ಥಿತಿಯಲ್ಲಿರುವ ಹಿರಿಯರನ್ನು ಬೆಳಗಿನ ಜನಜಂಗುಳಿಯಲ್ಲಿ ಲೋಕಲ್‌ನಲ್ಲಿ ಕರೆದೊಯ್ಯುವುದು ಆಗದ ಮಾತು. ಕಾರು ಅಥವಾ ಟ್ಯಾಕ್ಸಿ, ಜೊತೆಗೊಬ್ಬರು, ಅವರ ಒಂದು ದಿನದ ರಜೆ, ಇಷ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಥಾಣೆಯ ಜ್ಯುಪಿಟರ್, ನವಿ ಮುಂಬಯಿ ಬೇಲಾಪುರದ ಅಪೋಲೊ ಮುಂತಾದ ದೊಡ್ಡ ಆಸ್ಪತ್ರೆಗಳಲ್ಲಿ ನರರೋಗ ವಿಭಾಗಗಳಿವೆ. ಆಪರೇಷನ್ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಆದರೂ, ಮುಂದಿನ ಪ್ರೋಗ್ರಾಮಿಂಗ್ ಮನೆಗೆ ಹತ್ತಿರ ಸಾಧ್ಯವೇ, ಆ ಕಂಪನಿಯ ಸಾಧನವನ್ನು ಹೊಂದಿಸಬಲ್ಲ ವೈದ್ಯರು ಇಲ್ಲಿ ಇದ್ದಾರೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ನಿಮ್ಹಾನ್ಸ್‌ಗೆ ಒಮ್ಮೆ ಹೋಗಿಬರುವುದು ಬೇರೆ, ಆರು ತಿಂಗಳಲ್ಲಿ ಐದಾರು ಬಾರಿ ಹೋಗುವುದು ಬೇರೆ.

ಬ್ಯಾಟರಿ, ಭದ್ರತಾ ಗೇಟು, ಫಿಸಿಯೋಥೆರಪಿ

ರೀಚಾರ್ಜ್ ಆಗದ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬರುತ್ತದೆ. ಆಮೇಲೆ ಸಣ್ಣ ಆಪರೇಷನ್‌ನಲ್ಲಿ ಬದಲಿಸಬೇಕು. ರೀಚಾರ್ಜ್ ಮಾಡಬಹುದಾದದ್ದು 15 ವರ್ಷದವರೆಗೆ ಬರಬಹುದು, ಆದರೆ ಬೆಲೆ ಹೆಚ್ಚು. ಚಾರ್ಜ್ ಮಾಡುವ ಶಿಸ್ತೂ ಬೇಕು. ಬ್ಯಾಟರಿ ಪೂರ್ತಿ ಮುಗಿದರೆ ಲಕ್ಷಣಗಳು ಒಮ್ಮೆಲೇ, ಹಿಂದಿಗಿಂತ ತೀವ್ರವಾಗಿ ಮರಳಬಹುದು. ಇದು ತುರ್ತುಸ್ಥಿತಿ. ಮತ್ಸ್ಯಗಂಧದಲ್ಲಿ ಊರಿಗೆ ಹೊರಡುವ ಮೊದಲು ಬ್ಯಾಟರಿ ಮಟ್ಟ ನೋಡಿಕೊಂಡು, ಚಾರ್ಜರ್ ಮತ್ತು ರಿಮೋಟ್ ಚೀಲಕ್ಕೆ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬೇಕು.

ವಿಮಾನ ನಿಲ್ದಾಣ, ಮೆಟ್ರೊ, ಮಾಲ್‌ಗಳ ಭದ್ರತಾ ಗೇಟಿನಲ್ಲಿ ಸಾಧನದ ಗುರುತಿನ ಚೀಟಿ ತೋರಿಸಿ ಕೈಯಿಂದ ತಪಾಸಣೆ ಮಾಡಲು ಕೇಳಬಹುದು. ಎಂಆರ್‌ಐ ಮಾಡಿಸುವ ಮೊದಲು ಸಾಧನದ ಮಾದರಿಯನ್ನು ತಿಳಿಸಲೇಬೇಕು. ಮಂಡಿನೋವು, ಬೆನ್ನುನೋವಿಗೆ ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೋದಾಗ ಡಯಾಥರ್ಮಿ ಎಂಬ ಶಾಖದ ಚಿಕಿತ್ಸೆಯನ್ನು ಯಾವ ಕಾರಣಕ್ಕೂ ಪಡೆಯಬಾರದು. ಆ ಶಕ್ತಿ ತಂತಿಯ ಮೂಲಕ ಮೆದುಳಿಗೆ ಸಾಗಿ ಪ್ರಾಣಾಪಾಯ ತರಬಹುದು. ವ್ಯಾಯಾಮದ ಫಿಸಿಯೋಥೆರಪಿ ಮಾತ್ರ ಆಪರೇಷನ್ ನಂತರವೂ ಅಗತ್ಯ.

ಸಾಧನಗಳು ಈಗ ಇನ್ನಷ್ಟು ಜಾಣವಾಗುತ್ತಿವೆ. ಮೆದುಳಿನ ಸಂಕೇತವನ್ನು ತಾನೇ ಓದಿ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ 'ಅಡಾಪ್ಟಿವ್' ಡಿಬಿಎಸ್‌ಗೆ ಎಫ್‌ಡಿಎ 2025ರ ಫೆಬ್ರವರಿಯಲ್ಲಿ ಒಪ್ಪಿಗೆ ನೀಡಿದೆ.

ಖರ್ಚು ಮತ್ತು ವಿಮೆ

ಸಾಧನದ ಬೆಲೆಯೇ ಹಲವು ಲಕ್ಷ ರೂಪಾಯಿ. ರೀಚಾರ್ಜ್ ಮಾದರಿಗೆ ಇನ್ನೂ ಹೆಚ್ಚು. ಆಸ್ಪತ್ರೆ, ಸ್ಕ್ಯಾನ್, ತಂಡದ ಶುಲ್ಕ ಬೇರೆ. ಮುಂದೆ ಬ್ಯಾಟರಿ ಬದಲಿಸುವ ಖರ್ಚನ್ನೂ ಈಗಲೇ ಲೆಕ್ಕ ಹಾಕಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆರೋಗ್ಯ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಿದೆ. ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಅದರಲ್ಲಿದೆ. ಆದರೆ ಕಂಪನಿಗಳು ಇದಕ್ಕೆ ಉಪ ಮಿತಿ ವಿಧಿಸಬಹುದು. 10 ಲಕ್ಷದ ಪಾಲಿಸಿ ಇದ್ದರೂ ಈ ಚಿಕಿತ್ಸೆಗೆ ಅದರ ಒಂದು ಭಾಗ ಮಾತ್ರ ಸಿಗಬಹುದು. ಪಾಲಿಸಿ ಕೊಳ್ಳುವ ಮೊದಲೇ ಇರುವ ಕಾಯಿಲೆಗೆ ಗರಿಷ್ಠ 3 ವರ್ಷ ಕಾಯುವ ಅವಧಿ ಇರುತ್ತದೆ. ಪಾಲಿಸಿ ಪತ್ರದಲ್ಲಿ 'ಆಧುನಿಕ ಚಿಕಿತ್ಸೆ' ಎಂಬ ಭಾಗವನ್ನು ಓದಿ, ಪೂರ್ವಾನುಮತಿಯನ್ನು ಲಿಖಿತವಾಗಿ ಪಡೆಯಬೇಕು.

ಮಹಾರಾಷ್ಟ್ರದಲ್ಲಿ ಧರ್ಮಾರ್ಥ ಟ್ರಸ್ಟ್‌ಗಳು ನಡೆಸುವ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡು ಬಡವರಿಗೆ ಉಚಿತವಾಗಿ, ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕೆಂಬ ನಿಯಮವಿದೆ. ಆದಾಯದ ದಾಖಲೆಯೊಂದಿಗೆ ಆಸ್ಪತ್ರೆಯ ಸಮಾಜ ಸೇವಾ ವಿಭಾಗವನ್ನು ಕೇಳಬಹುದು. ಸಾಧನದ ಬೆಲೆಗೂ ನೆರವು ಸಿಗುತ್ತದೆಯೇ ಎಂಬುದನ್ನು ಸ್ಪಷ್ಟವಾಗಿ ಕೇಳಿಕೊಳ್ಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಸರ್ಕಾರಿ ವೈದ್ಯಕೀಯ ಮಂಡಳಿಯ ಪರೀಕ್ಷೆಯ ನಂತರ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು.

ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು

• ಇದು ಪಾರ್ಕಿನ್ಸನ್ನೇ ಎಂಬುದು ಖಚಿತವೇ? ಲೆವೊಡೋಪಾ ಚಾಲೆಂಜ್‌ನಲ್ಲಿ ಎಷ್ಟು ಶೇಕಡಾ ಸುಧಾರಣೆ ಬಂತು?
• ನಮ್ಮ ಮೂರು ದೊಡ್ಡ ತೊಂದರೆಗಳಲ್ಲಿ ಯಾವುದು ಸರಿಯಾಗುತ್ತದೆ, ಯಾವುದು ಆಗುವುದಿಲ್ಲ?
• ನೆನಪಿನ ಶಕ್ತಿ ಮತ್ತು ಮನಸ್ಥಿತಿಯ ಪರೀಕ್ಷೆ ಆಗಿದೆಯೇ?
• ನಿಮ್ಮ ತಂಡ ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತದೆ? ಸೋಂಕು, ರಕ್ತಸ್ರಾವ ಎಷ್ಟು ಮಂದಿಗೆ ಆಗಿದೆ?
• ಪ್ರೋಗ್ರಾಮಿಂಗ್ ಯಾರು, ಎಲ್ಲಿ, ಎಷ್ಟು ಬಾರಿ ಮಾಡುತ್ತಾರೆ? ಅದರ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆಯೇ?
• ಬ್ಯಾಟರಿ ಎಷ್ಟು ವರ್ಷ? ಬದಲಿಸಲು ಎಷ್ಟು ಖರ್ಚು?

ನಿರ್ಧಾರಕ್ಕೆ ಮೊದಲು ಒಂದು ನೋಟ್‌ಬುಕ್

ಮುಂಬಯಿಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳಿಗೆ ಮತ್ತು ಆರೈಕೆ ಮಾಡುವವರಿಗೆ ಬೆಂಬಲ ಗುಂಪುಗಳನ್ನು ನಡೆಸುತ್ತಿದೆ. ಆಪರೇಷನ್ ಮಾಡಿಸಿಕೊಂಡವರನ್ನೂ, ಬೇಡವೆಂದು ನಿರ್ಧರಿಸಿದವರನ್ನೂ ಇಂಥ ಕಡೆ ಭೇಟಿಯಾಗಿ ಮಾತನಾಡುವುದು ಯಾವ ವಿಡಿಯೋಗಿಂತಲೂ ಉಪಯುಕ್ತ.

ಅದಕ್ಕೂ ಮೊದಲು, ಖರ್ಚಿಲ್ಲದ ಒಂದು ಕೆಲಸವನ್ನು ಮನೆಯಲ್ಲೇ ಮಾಡಬಹುದು. ಒಂದು ವಾರ ನೋಟ್‌ಬುಕ್ಕಿನಲ್ಲಿ ಮಾತ್ರೆ ತೆಗೆದುಕೊಂಡ ಸಮಯ, ಮೈ ಹಗುರಾದ ಸಮಯ, ಮತ್ತೆ ಬಿಗಿದ ಸಮಯ, ತಾನಾಗಿ ಅಲ್ಲಾಡಿದ ಸಮಯ ಬರೆದಿಡಬೇಕು. 'ಆನ್' ಮತ್ತು 'ಆಫ್' ಹೊತ್ತಿನಲ್ಲಿ ನಡೆಯುವುದನ್ನು ಮೊಬೈಲ್‌ನಲ್ಲಿ ಒಂದೊಂದು ನಿಮಿಷ ಚಿತ್ರೀಕರಿಸಬೇಕು. ಒಳ್ಳೆಯ ಗಂಟೆಗಳು ಇವೆ, ಆದರೆ ಸಾಲುತ್ತಿಲ್ಲ ಎಂದು ಆ ಪುಟಗಳು ಹೇಳಿದರೆ ಡಿಬಿಎಸ್ ಬಗ್ಗೆ ತಜ್ಞರೊಂದಿಗೆ ಮಾತನಾಡಲು ಇದು ಸಕಾಲ. ಒಳ್ಳೆಯ ಗಂಟೆಯೇ ಇಲ್ಲ ಎಂದಾದರೆ ಸಾಲ ಮಾಡಿ ಆಪರೇಷನ್‌ಗೆ ಧಾವಿಸುವ ಮುನ್ನ ಕಾಯಿಲೆ ಯಾವುದೆಂದು ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವುದೇ ಸರಿಯಾದ ಮೊದಲ ಹೆಜ್ಜೆ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ವೈದ್ಯರ ಸಲಹೆ ಇಲ್ಲದೆ ಪಾರ್ಕಿನ್ಸನ್ ಮಾತ್ರೆಗಳನ್ನು ನಿಲ್ಲಿಸಬೇಡಿ, ಪ್ರಮಾಣ ಬದಲಿಸಬೇಡಿ.)